ಬಾಗಿಲ ಮೇಲಿನ ಸ್ವಿಚ್ಚು

ಗ್ರಿಮ್ಸ್‌ಬಿ,
ಫೆಬ್ರವರಿ ೧೩, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗ ರಸೆಲ್‌ಗೆ,

ಹೇಗಿದ್ದೀಯೋ? ಕೆಮ್ಮು ಪೂರ್ತಿ ಹೋಯಿತಾ, ಇಲ್ಲ ಹೋದ ಚಳಿಗಾಲದ ಹಾಗೆ ಎದೆಯಲ್ಲೇ ಮನೆ ಮಾಡಿದೆಯಾ? ಷೆಟ್ಲೆಂಡ್ ದ್ವೀಪದ ಗಾಳಿಗೆ ಕುರಿಗಳೇ ಕಾಲೂರಿ ನಿಲ್ಲಲಾರವು ಎನ್ನುತ್ತಾರೆ, ಅಂಥದ್ದರಲ್ಲಿ ನೀನು ಬೆಳಗ್ಗೆ ಎದ್ದು ಸಮುದ್ರದ ನಡುವೆ ಸಾಲ್ಮನ್ ಮೀನಿನ ಬಲೆ ತೊಳೆಯುತ್ತೀಯಂತೆ. ಕೈಗವಸು ಒದ್ದೆಯಾದ ತಕ್ಷಣ ಬದಲಾಯಿಸು, ಅಸಡ್ಡೆ ಮಾಡಬೇಡ. ನನ್ನ ಆರೋಗ್ಯ ಕೇಳಿದರೆ, ಮೇಲಿನರ್ಧ ಚೆನ್ನಾಗಿದೆ, ಕೆಳಗಿನರ್ಧ ನಿನಗೆ ಗೊತ್ತೇ ಇದೆ. ಮಂಡಿಗಳು ಮಳೆ ಬರುವ ಮೊದಲೇ ಸುದ್ದಿ ಕೊಡುತ್ತವೆ, ಈ ಊರಲ್ಲಿ ದಿನಾ ಮಳೆಯಾದ್ದರಿಂದ ಅವಕ್ಕೆ ಬಿಡುವಿಲ್ಲ. ಈ ಕಾಗದದ ಜೊತೆ ಹೊಗೆ ಹಾಕಿದ ಒಂದು ಜೊತೆ ಹ್ಯಾಡಕ್ ಮೀನು ಕಳಿಸಿದ್ದೇನೆ. ಅಂಗಡಿಯವರು ಹಳದಿ ಬಣ್ಣ ಬಳಿದು ಮಾರುವ ಮೀನಲ್ಲ, ನಾನು ಕೆಲಸ ಮಾಡುತ್ತಿದ್ದ ಹೊಗೆಮನೆಯದ್ದೇ. ಹುಡುಗರು ಈಗಲೂ ನನ್ನನ್ನು ಕಂಡರೆ ಎರಡು ಒಳ್ಳೆಯದನ್ನು ಎತ್ತಿಡುತ್ತಾರೆ. ಹಾಲಲ್ಲಿ ಸಣ್ಣ ಉರಿಯಲ್ಲಿ ಬೇಯಿಸು. ಕುದಿಸಿ ಕೆಡಿಸಿದರೆ ನಿಮ್ಮಮ್ಮ ಸಮಾಧಿಯಿಂದ ಎದ್ದು ಬಂದು ಬೈಯುತ್ತಾಳೆ.

ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ "ಹೂಂ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ, ಅದಕ್ಕೇ ಕಾಗದ. ನಿನಗೆ ಕೋಣೆ ಕೊಟ್ಟಿರುವ ಮ್ಯಾಗ್ನಸ್‌ಗೆ ನಾನೇ ಫೋನ್ ಮಾಡಿದ್ದೆ, ಕೋಪ ಮಾಡಿಕೊಳ್ಳಬೇಡ. ಅವನು ನಿನ್ನನ್ನು ಹೊಗಳಿದ. ಆಮೇಲೆ ಮೆಲ್ಲಗೆ ಅಂದ, "ಒಳ್ಳೇ ಹುಡುಗಾನೇ. ಆದ್ರೆ ಕೋಣೆ ಬಲ್ಬು ಸುಟ್ಟು ಎಷ್ಟೋ ದಿನ ಆಯ್ತು. ಹೊಸದು ತಂದು ಮೇಜಿನ ಮೇಲೆ ಇಟ್ರೂ ಮುಟ್ಟಲ್ಲ. ಕತ್ತಲಲ್ಲೇ ಕೂತಿರ್ತಾನೆ. ಅವ್ನು ಮೊದ್ಲು ಏನ್ ಕೆಲ್ಸ ಮಾಡ್ತಿದ್ದ?" ಈ ಊರಿನ ಅರ್ಧ ಮನೆಗಳಲ್ಲಿ ದೀಪ ಉರಿಯುವುದು ನನ್ನ ಮಗ ಎಳೆದ ವೈರಿನಿಂದ ಅಂತ ಹೇಳಬೇಕಿತ್ತು. ಹೇಳದೆ ಫೋನ್ ಇಟ್ಟೆ.

ಇಲ್ಲಿಯ ಸುದ್ದಿ ಎಂದರೆ, ಮುಂಗೋಣೆಯ ಗ್ಯಾಸ್ ಅಗ್ಗಿಷ್ಟಿಕೆಯನ್ನು ಕೊನೆಗೂ ಕೀಳಿಸಿದೆ. ನಿಮ್ಮಮ್ಮ ಹೋದಂದಿನಿಂದ ಅದು ಆರಿಯೇ ಇತ್ತು, ಆದರೂ ಅದರ ಮುಂದೆ ಹಾದುಹೋಗುವಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಈಗ ಅಲ್ಲಿ ಗೋಡೆ ಇದೆ, ಚಿಮಣಿಯನ್ನೂ ಮುಚ್ಚಿದ್ದಾರೆ. ಮನೆ ಬೆಚ್ಚಗಾಗಲು ಅಡುಗೆಮನೆಯಲ್ಲಿ ಹೊಸ ಬಾಯ್ಲರ್ ಬಂದಿದೆ. ಅದು ಹೊರಗಿನ ಗಾಳಿಯನ್ನೇ ಎಳೆದು ಹೊರಕ್ಕೇ ಬಿಡುವಂಥದ್ದು, ಮನೆಯೊಳಗಿನ ಗಾಳಿ ಅದಕ್ಕೆ ಬೇಕಿಲ್ಲ. ವಿಷದ ಗ್ಯಾಸ್ ಸೋರಿದರೆ ಕಿರುಚುವ ಒಂದು ಡಬ್ಬಿಯನ್ನೂ ಗೋಡೆಗೆ ಹೊಡೆದು ಹೋದರು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಅದು ನಾನೇ. ಕೆಲಸಕ್ಕೆ ಬಂದವಳು ಚುರುಕು ಹುಡುಗಿ. ಹೊರಡುವ ಮೊದಲು ಬಚ್ಚಲಮನೆಯ ಚಾವಣಿ ನೋಡಿ ಮೂಗು ಮುರಿದಳು. ಕರಿ ಬೂಷ್ಟು ಮತ್ತೆ ಹಬ್ಬಿದೆ, ನೀನು ಎಕ್ಸಾಸ್ಟ್ ಫ್ಯಾನ್ ಹಾಕುವ ಮೊದಲು ಇದ್ದುದಕ್ಕಿಂತ ಜಾಸ್ತಿ. "ತಾತಾ, ಬಾಗಿಲ ಮೇಲಿನ ಸ್ವಿಚ್ಚಿಗೆ ಟೇಪ್ ಯಾಕೆ ಸುತ್ತಿದ್ದೀರಿ? ಇನ್ನು ಭಯ ಇಲ್ಲ, ಫ್ಯಾನ್ ಹಾಕ್ಕೊಳ್ಳಿ" ಅಂದಳು. ಅವಳಿಗೇನು ಗೊತ್ತು. ಸರಿ ಅಂತ ತಲೆಯಾಡಿಸಿದೆ.

ಆ ಫ್ಯಾನನ್ನು ನೀನು ಕೂರಿಸಿದ ದಿನ ನನಗೆ ನಿನ್ನೆಯಷ್ಟು ಹತ್ತಿರದಲ್ಲಿದೆ. ನೀನು ಸ್ನಾನದ ತೊಟ್ಟಿಯಿಂದ ಅಳತೆಪಟ್ಟಿ ಹಿಡಿದು ಗೋಡೆಯುದ್ದಕ್ಕೂ ಗೆರೆ ಹಾಕಿದೆ. ನೀರು ಚಿಮ್ಮುವ ಕಡೆ, ತೊಟ್ಟಿಯಲ್ಲಿ ನಿಂತವರ ಕೈ ಎಟುಕುವ ಕಡೆ ಏನಿರಬಹುದು ಏನಿರಬಾರದು ಎಂದು ಪಾಠ ಶುರು ಮಾಡಿದೆ. ನಿಮ್ಮಮ್ಮ ಚಹಾ ಹಿಡಿದುಕೊಂಡು ಬಂದು "ಒಂದು ಫ್ಯಾನ್ ಹಾಕೋಕೆ ಇಷ್ಟೊಂದು ಶಾಸ್ತ್ರಾನಾ? ನನ್ ಮದುವೇಲೂ ಇಷ್ಟು ಇರ್ಲಿಲ್ಲ" ಅಂದಳು. ನೀನು ನಗಲಿಲ್ಲ. ಫ್ಯಾನಿಗೆ ಅಂತಲೇ ಬೇರೆ ಸಣ್ಣ ಫ್ಯೂಸು. ದೀಪ ಆರಿಸಿದ ಮೇಲೂ ಹಬೆ ಹೋಗುವ ತನಕ ಅದು ತಾನೇ ಓಡಬೇಕು, ಅದಕ್ಕೆ ಯಾವಾಗಲೂ ಕರೆಂಟಿರುವ ಇನ್ನೊಂದು ವೈರು. ಅದನ್ನು ರಿಪೇರಿ ಮಾಡುವವನು ಸಾಯಬಾರದು, ಅದಕ್ಕೆ ಎಲ್ಲ ವೈರುಗಳನ್ನೂ ಒಟ್ಟಿಗೆ ಕಡಿಯುವ ಸ್ವಿಚ್ಚು, ಅದೂ ಬಚ್ಚಲಿನ ಹೊರಗೆ, ಬಾಗಿಲ ಮೇಲೆ, ಒದ್ದೆ ಕೈ ತಾಗದ ಎತ್ತರದಲ್ಲಿ. ಮೇನ್ ಆರಿಸಿದ ಮೇಲೆ ನೀನು ಟೆಸ್ಟರ್ ತೆಗೆದುಕೊಂಡು ನೇರ ವೈರಿಗೆ ಹಿಡಿಯಲಿಲ್ಲ. ಮೊದಲು ಕರೆಂಟ್ ಇದೆ ಎಂದು ಖಾತ್ರಿಯಿರುವ ಕಡೆ ಹಿಡಿದೆ, ಆಮೇಲೆ ಈ ವೈರಿಗೆ ಹಿಡಿದೆ, ಆಮೇಲೆ ಮತ್ತೆ ಮೊದಲಿನ ಕಡೆಗೆ ಹೋಗಿ ಹಿಡಿದೆ. ಇದೇನು ಹುಚ್ಚು ಅಂತ ನಾನು ಕೇಳಿದ್ದಕ್ಕೆ ಏನೆಂದೆ ನೆನಪಿದೆಯಾ? "ಅಪ್ಪಾ, ಕರೆಂಟ್ ಇಲ್ಲ ಅಂತ ಟೆಸ್ಟರ್ ಹೇಳಿದ್ರೆ ಸಾಲ್ದು. ಟೆಸ್ಟರೇ ಸತ್ತಿರಬಹುದಲ್ವಾ? ಇದೆ ಅನ್ಬೇಕು, ಇಲ್ಲ ಅನ್ಬೇಕು, ಮತ್ತೆ ಇದೆ ಅನ್ಬೇಕು. ಆಗ್ಲೇ ನಂಬೋದು." ಈ ಮಾತನ್ನು ಮರೆಯಬೇಡ, ಮುಂದೆ ಬೇಕಾಗುತ್ತದೆ.

ನೀನು ಅಲ್ಲಿಗೇ ನಿಲ್ಲಿಸಲೂ ಇಲ್ಲ. ಮನೆಯಲ್ಲಿ ಚಿಮಣಿಯಿರುವ ಗ್ಯಾಸ್ ಅಗ್ಗಿಷ್ಟಿಕೆ ಇದ್ದರೆ, ಬಚ್ಚಲಿನ ಫ್ಯಾನು ಗಾಳಿ ಎಳೆದಾಗ ಚಿಮಣಿಯ ಹೊಗೆ ಹಿಂದಕ್ಕೆ ಮನೆಯೊಳಕ್ಕೆ ಬರಬಹುದು ಅಂತ ಗ್ಯಾಸಿನವನನ್ನು ಕರೆಸಿದೆ. ಅವನೂ ನೀನೂ ಫ್ಯಾನು ಓಡಿಸಿ, ಅಗ್ಗಿಷ್ಟಿಕೆ ಹಚ್ಚಿ, ಹೊಗೆಕಡ್ಡಿ ಹಿಡಿದು ಕೂತಿರಿ. ಜೀವಮಾನವೆಲ್ಲ ಹೊಗೆಮನೆಯಲ್ಲಿ ಕಳೆದ ನನ್ನ ಮುಂದೆ ಹೊಗೆ ಪರೀಕ್ಷೆ! ಓಕ್ ಮರದ ಪುಡಿಯ ಹೊಗೆ ಯಾವುದು, ಒದ್ದೆ ಪುಡಿಯ ಹೊಗೆ ಯಾವುದು ಅಂತ ಬೀದಿಯ ತುದಿಯಲ್ಲಿ ನಿಂತು ಹೇಳುತ್ತಿದ್ದವನು ನಾನು. ಹೊಗೆ ನೆಟ್ಟಗೆ ಚಿಮಣಿಗೆ ಏರಿತು. ನಾನೇ "ಪಾಸ್" ಅಂದೆ. ಗೋಡೆಯ ಗಾಳಿಗಿಂಡಿ ತೆರೆದಿದೆಯಾ ಅಂತ ನೀನು ಕೇಳಿದೆ, ನಿಮ್ಮಮ್ಮ ಕುರ್ಚಿ ಸರಿಸಿ ತೋರಿಸಿದಳು. ತೆರೆದೇ ಇತ್ತು. ಅವತ್ತಿನ ಮಟ್ಟಿಗೆ.

ಗ್ಯಾಸಿನವನು ಬರುವ ದಿನ ಗಾಳಿಗಿಂಡಿಯಿಂದ ಕಾಲುಚೀಲ ಕಿತ್ತು ಬಚ್ಚಿಡುವುದು, ಅವನ ವ್ಯಾನು ಬೀದಿ ದಾಟಿದ ಕೂಡಲೆ ಮತ್ತೆ ತುರುಕುವುದು ಈ ಬೀದಿಯಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳು? ಎಲ್ಲರ ಅಮ್ಮಂದಿರೂ ಮಾಡಿದ್ದೇ. ಕಾಸು ಸುಟ್ಟು ಬೆಚ್ಚಗೆ ಮಾಡಿದ ಕೋಣೆಗೆ ಸಮುದ್ರದ ಗಾಳಿಯನ್ನು ಕರೆದು ಕೂರಿಸಲು ಯಾರಿಗೆ ಮನಸ್ಸು ಬರುತ್ತದೆ. ನಿಮ್ಮಮ್ಮ ತುರುಕುತ್ತಿದ್ದದ್ದು ನನ್ನ ಹಳೆಯ ಉಣ್ಣೆಯ ಕಾಲುಚೀಲ, ಅವಳೇ ಹೆಣೆದದ್ದು. "ನಿನ್ ಮಂಡಿಗೆ ನೇರವಾಗಿ ಹೊಡೀತದೆ ಕ್ಲಿಫ್, ಸುಮ್ನೆ ಕೂತ್ಕೋ" ಅನ್ನುತ್ತಿದ್ದಳು. ನಾನು ಸುಮ್ಮನೆ ಕೂತೆ, ಮಂಡಿ ಬೆಚ್ಚಗಿತ್ತು. ಆ ವರ್ಷ ಚಿಮಣಿಯೊಳಗೆ ಕಾಗೆಯಂಥ ಯಾವುದೋ ಹಕ್ಕಿ ಕಡ್ಡಿ ತುಂಬಿತ್ತು ಎನ್ನುವುದು ಆಮೇಲೆ ತಿಳಿದದ್ದು. ಮೇಲೆ ಕಡ್ಡಿ, ಕೆಳಗೆ ಕಾಲುಚೀಲ. ನಿಮ್ಮಮ್ಮ ಬೆರಿಲ್ ಆ ಭಾನುವಾರ ತಲೆಗೆ ಸ್ನಾನ ಮಾಡಿ ಬಂದು, ಕೂದಲು ಒಣಗಿಸಿಕೊಳ್ಳಲು ಅಗ್ಗಿಷ್ಟಿಕೆಯ ಮುಂದೆ ಕೂತಳು. ನಾನು ತೋಟದಿಂದ ಊಟಕ್ಕೆ ಈರುಳ್ಳಿ ಗಿಡ ಕಿತ್ತುಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೂದಲು ಒಣಗಿತ್ತು ಮಗೂ. ಕೋಣೆಯಲ್ಲಿ ಏನೂ ವಾಸನೆ ಇರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಕಟ್ಟಿದವರಿಗೆ ಈ ಹೊಗೆಯ ವಿಷಯ ಗೊತ್ತಿರಲಿಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನನ್ನ ಈ ಮೂಗು ಎಷ್ಟು ಹೆಸರುವಾಸಿಯಾಗಿದ್ದರೂ ಅದರ ಮುಂದೆ ಕಲ್ಲು.

ಅವಳ ಸಾವಿನ ವಿಚಾರಣೆಯ ದಿನ ಅಧಿಕಾರಿ ನಿನ್ನ ಕೆಲಸವನ್ನು ಹೊಗಳಿಯೇ ವರದಿ ಓದಿದ. ವೈರಿನಲ್ಲಿ ದೋಷವಿಲ್ಲ, ಫ್ಯೂಸು ಸರಿ, ಸ್ವಿಚ್ಚು ಇರಬೇಕಾದ ಕಡೆಯೇ ಇದೆ. ಕೊನೆಗೆ ಒಂದು ವಾಕ್ಯ ಅಂಟಿಸಿದ. ಬಚ್ಚಲಿನ ಫ್ಯಾನು ಓಡುತ್ತಿದ್ದು, ಹೊಗೆಯನ್ನು ಒಳಗೆಳೆಯಲು ನೆರವಾಗಿರಬಹುದು. ಆ "ಬಹುದು" ಎನ್ನುವುದನ್ನು ಅವನು ನೀರು ಕುಡಿದಷ್ಟು ಸಲೀಸಾಗಿ ಓದಿ ಕಾಗದ ಮಡಚಿದ. ನಾನು ನಿನ್ನ ಮುಖ ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ, ನನ್ನ ಮಗ ಕದಿಯದೆಯೂ ಮುಟ್ಟಿಕೊಂಡ. ಮಾರನೆಯ ವಾರ ನೀನು ಉಪಕರಣದ ಚೀಲವನ್ನು ನನ್ನ ಬಾಗಿಲ ಹಿಂದೆ ಇಟ್ಟೆ, "ಅಮ್ಮ ಕಾಲುಚೀಲ ಎಳೆಯೋದನ್ನ ಚಿಕ್ಕಂದಿನಿಂದ ನೋಡಿದ್ದೆ ಅಪ್ಪಾ. ನಂಗೊತ್ತಿತ್ತು. ಗೊತ್ತಿದ್ದೂ ಫ್ಯಾನ್ ಹಾಕ್ದೆ" ಅಂದು ಹೊರಟುಬಿಟ್ಟೆ. ಆವತ್ತಿನಿಂದ ನಾನು ಆ ಫ್ಯಾನಿನ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಪಕ್ಕದ ಮನೆಯ ಡೋರೀನ್ ಹತ್ತಿರವಂತೂ ಇಲ್ಲವೇ ಇಲ್ಲ. ಅವಳು ವಿಚಾರಣೆಗೆ ಬರಲಿಲ್ಲ, ಹಾಸಿಗೆ ಹಿಡಿದಿದ್ದಳು. ಬೀದಿಯಲ್ಲಿ ಯಾರೂ ನಿನ್ನತ್ತ ಬೆರಳು ತೋರಿಸಬಾರದು ಅಂತ ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಜಾಣತನ ಅದು.

ಈಗ ಕೇಳು. ಹೋದ ಭಾನುವಾರ ಬೆಳಗ್ಗೆ ಧೈರ್ಯ ಮಾಡಿ ಟೇಪ್ ಕಿತ್ತು, ಸ್ಟೂಲ್ ಹತ್ತಿ ಸ್ವಿಚ್ ಹಾಕಿದೆ. ಬಿಸಿನೀರು ಬಿಟ್ಟೆ. ಫ್ಯಾನು ಮೊದಲು ಗೊರಗೊರ ಅಂತು, ಆಮೇಲೆ ಹಳೆಯ ದನಿಯಲ್ಲೇ ಗುಂಯ್ ಅನ್ನತೊಡಗಿತು. ನಾನು ತೊಟ್ಟಿಯ ಅಂಚಿಗೆ ಕೂತು ಅತ್ತೆ, ಬರೆಯಲು ನಾಚಿಕೆಯಿಲ್ಲ. ಅಷ್ಟರಲ್ಲಿ ಗೋಡೆ ಧಬಧಬ ಅಂತು. ಡೋರೀನ್‌ಳ ಕಿವಿ ನಿನಗೆ ಗೊತ್ತಲ್ಲ, ಈ ಕಡೆ ನಾನು ಸೀನಿದರೆ ಆ ಕಡೆಯಿಂದ ಹರಸುವವಳು. ಬಾಗಿಲು ತೆರೆದರೆ ಮನೆಚಪ್ಪಲಿಯಲ್ಲೇ ನಿಂತಿದ್ದಾಳೆ, ಕೈಯಲ್ಲಿ ರೇಡಿಯೋ, ಕಣ್ಣಲ್ಲಿ ನೀರು. "ಇವತ್ತು ಭಾನುವಾರ ಕಣೋ ಕ್ಲಿಫ್! ಪ್ರಾರ್ಥನೆ ಬರ್ತಿದೆ, ಒಂದಕ್ಷರ ಕೇಳಿಸ್ತಿಲ್ಲ. ಬೆರಿಲ್ ಇದ್ದಿದ್ರೆ ಹೀಗೆ ಮಾಡ್ತಿದ್ಳಾ? ಒಂದ್ ಭಾನುವಾರಾನೂ ಅದನ್ನ ಓಡಿಸ್ಲಿಲ್ಲ ಪುಣ್ಯಾತ್ಗಿತ್ತಿ. ಸ್ನಾನಕ್ಕೆ ಹೋಗೋಕ್ ಮೊದ್ಲೇ ಪೊರಕೆ ಕೋಲಲ್ಲಿ ಮೇಲಿನ ಸ್ವಿಚ್ಚು ಒತ್ತಿ ಆರಿಸಿಬಿಡ್ತಿದ್ಳು, ನಂಗೋಸ್ಕರ." ನಾನು ಬಾಗಿಲು ಹಿಡಿದುಕೊಂಡೆ. ಒಂದು ಭಾನುವಾರವೂ ಇಲ್ಲವಾ ಅಂದೆ. "ಇಲ್ಲ." ಆ ಭಾನುವಾರ? ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. "ಆ ಭಾನುವಾರಾನೂ ಇಲ್ಲ. ಪ್ರಾರ್ಥನೆ ಪೂರ್ತಿ ಕೇಳ್ದೆ ನಾನು. ಯಾಕೆ?"

ಯಾಕಂತೆ. ನಾನು ಭಾನುವಾರದ ಬೆಳಗ್ಗೆಯೆಲ್ಲ ತೋಟದಲ್ಲಿ ಇರುತ್ತಿದ್ದವನು, ನನಗೆ ಇದು ಗೊತ್ತಿರಲು ಹೇಗೆ ಸಾಧ್ಯ? ಅಗ್ನಿಶಾಮಕದವರು ಬಂದು ಹೋದ ಮೇಲೆ ಆ ಸ್ವಿಚ್ಚು ಆರಿದ್ದನ್ನು ಎಲ್ಲರೂ ನೋಡಿದೆವು. ಅವರೇ ಆರಿಸಿರಬೇಕು ಅಂದುಕೊಂಡೆವು. ಮನೆಯವರೇ ಆರಿಸಿದ್ದು ಅಂತ ಅವರು ಅಂದುಕೊಂಡರು. ಯಾರೂ ಯಾರನ್ನೂ ಕೇಳಲಿಲ್ಲ. ನಿನ್ನನ್ನು ಊರು ಬಿಡಿಸಿದ ಪ್ರಶ್ನೆಗೆ ಉತ್ತರ ಒಂದು ಇಟ್ಟಿಗೆಯ ಗೋಡೆಯ ಆಚೆ ಕೂತು ರೇಡಿಯೋ ಕೇಳುತ್ತಿತ್ತು.

ನೀನು ನಂಬುವುದಿಲ್ಲ ಎಂದು ಗೊತ್ತು. ವಯಸ್ಸಾದವಳ ಮಾತು, ಅಪ್ಪ ನನ್ನ ಸಮಾಧಾನಕ್ಕೆ ಕಟ್ಟಿದ ಕತೆ ಎನ್ನುತ್ತೀಯ. ಅದಕ್ಕೇ ನಿನ್ನ ಟೆಸ್ಟರ್ ಶಾಸ್ತ್ರ ಹಿಡಿದೆ. ಸೋಮವಾರ ಅವಳಿಗೆ ಹೇಳದೆ ಫ್ಯಾನು ಹಾಕಿ, ಸಕ್ಕರೆ ಕೇಳುವ ನೆವದಲ್ಲಿ ಅವಳ ಮನೆಗೆ ಹೋದೆ. ಅವಳು ರೇಡಿಯೋ ಹಚ್ಚಿಕೊಂಡೇ ಕೂತಿದ್ದಳು. ಏನಾದರೂ ಕೇಳಿಸ್ತಿದೆಯಾ ಅಂದರೆ, "ಕೇಳ್ದೆ ಇರೋಕೆ ನಾನೇನ್ ಗೋಡೆನಾ? ನಿನ್ ದರಿದ್ರ ಫ್ಯಾನು" ಅಂದಳು. ವಾಪಸು ಬಂದು ಆರಿಸಿ, ಮತ್ತೆ ಹೋಗಿ, ಸಾರಿ ಕಣೇ, ಇನ್ನೂ ಓಡ್ತಾ ಇದೆ ಅಂತ ಸುಳ್ಳು ಹೇಳಿದೆ. "ಯಾರಿಗೆ ಹೇಳ್ತೀಯ, ನಿಂತು ಎಷ್ಟೊತ್ತಾಯ್ತು" ಅಂದಳು. ಮೂರನೇ ಸಲ ಹಾಕಿ ಅವಳ ಮನೆಯ ಮೆಟ್ಟಿಲು ಹತ್ತುವ ಮೊದಲೇ ಕಿಟಕಿ ತೆಗೆದು ಕೂಗಿದಳು, "ಮತ್ತೆ ಹಾಕಿದ್ಯಲ್ಲೋ! ತಲೆ ಕೆಟ್ಟಿದ್ಯಾ ನಿಂಗೆ?" ಇದೆ ಅಂದಳು, ಇಲ್ಲ ಅಂದಳು, ಮತ್ತೆ ಇದೆ ಅಂದಳು. ನೀನು ಕಲಿಸಿದ ಹಾಗೇ ನೋಡಿದ್ದೇನೆ ರಸೆಲ್. ಈ ಟೆಸ್ಟರ್ ಸತ್ತಿಲ್ಲ. ಆ ಬೆಳಗ್ಗೆ ನಿನ್ನ ಫ್ಯಾನು ಓಡುತ್ತಿರಲಿಲ್ಲ.

ಆಮೇಲೆ ಅವಳನ್ನು ಕೂರಿಸಿ ಎಲ್ಲ ಹೇಳಿದೆ. ನೀನು ಯಾಕೆ ಹೋದೆ ಅನ್ನುವುದು ಅವಳಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ದುಡಿಮೆಗೆ ಹೋಗಿದ್ದೀಯ ಅಂದುಕೊಂಡಿದ್ದಳಂತೆ. ವಿಚಾರಣೆಯ ಕಚೇರಿಗೆ ಬಂದು ಹೇಳ್ತೀನಿ ಅನ್ನುತ್ತಾಳೆ. ಅವರು ಆ "ಬಹುದು" ಅನ್ನು ಅಳಿಸುತ್ತಾರೋ ಬಿಡುತ್ತಾರೋ, ಅದು ಅವರ ಪಾಡು. ನೀನು ಅಳಿಸಿಕೊಳ್ಳಬೇಕು. ಇನ್ನು ಉಳಿದದ್ದು ಕಾಲುಚೀಲ. ಅದರ ಲೆಕ್ಕಕ್ಕೆ ಯಾರಾದರೂ ಬೇಕಿದ್ದರೆ, ಕಾಲು ನನ್ನದು, ಮಂಡಿ ನನ್ನದು, ಬೆಚ್ಚಗೆ ಕೂತವನೂ ನಾನೇ. ನೀನಲ್ಲ. ಅವಳಂತೂ ಅಲ್ಲ. ಪಕ್ಕದವಳ ಪ್ರಾರ್ಥನೆಗೆ ತೊಂದರೆಯಾಗಬಾರದು ಅಂತ ಫ್ಯಾನು ಆರಿಸಿದಳು, ಗಂಡನ ಮಂಡಿ ನೋಯಬಾರದು ಅಂತ ಗಾಳಿ ಮುಚ್ಚಿದಳು. ಬಾಳಿದ್ದೂ ಹಾಗೆ, ಹೋದದ್ದೂ ಹಾಗೆ. ಬಾಗಿಲ ಮೇಲೆ, ಸ್ವಿಚ್ಚಿನ ಸುತ್ತ, ಪೊರಕೆ ಕೋಲು ತಾಗಿದ ಗುಂಡು ಗುಂಡು ಕಲೆಗಳಿವೆ. ನಾನು ಇಷ್ಟು ದಿನ ಕೊಳೆ ಅಂದುಕೊಂಡಿದ್ದೆ. ಬಣ್ಣ ಬಳಿಯುವವನು ಬಂದರೆ ಆ ಜಾಗ ಬಿಡು ಅನ್ನುತ್ತೇನೆ. ಅವಳು ಕುಳ್ಳಿಯಲ್ಲವಾ, ಮೂರು ನಾಲ್ಕು ಸಲ ಗುರಿ ತಪ್ಪಿದ ಮೇಲೇ ಒತ್ತಲು ಆಗುತ್ತಿದ್ದದ್ದು.

ಬಾ ಅಂತ ಬಲವಂತ ಮಾಡುವುದಿಲ್ಲ. ಕೋಣೆ ಹಾಗೇ ಇದೆ, ಚೀಲ ಬಾಗಿಲ ಹಿಂದೆಯೇ ಇದೆ, ಟೆಸ್ಟರಿನ ಬ್ಯಾಟರಿ ಮಾತ್ರ ಬದಲಾಯಿಸಿಟ್ಟಿದ್ದೇನೆ. ಇನ್ನು ಭಾನುವಾರ ನಾನೂ ಫ್ಯಾನು ಹಾಕುವುದಿಲ್ಲ. ಹೊಟ್ಟೆ ತುಂಬ ಉಣ್ಣು, ಮೈ ಬೆಚ್ಚಗಿಟ್ಟುಕೋ, ಮ್ಯಾಗ್ನಸ್‌ಗೆ ನನ್ನ ನಮಸ್ಕಾರ ಹೇಳು. ನಿಮ್ಮಮ್ಮನ ಆಶೀರ್ವಾದವನ್ನೂ ಸೇರಿಸಿ ನಾನೇ ಬರೆಯುತ್ತಿದ್ದೇನೆ, ಅದು ನಿನ್ನ ತಲೆ ಕಾಯಲಿ.

ನಿನ್ನ ಅಪ್ಪ,
ಕ್ಲಿಫ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಡೋರೀನ್ ಇನ್ನೊಂದು ಹೇಳಿದಳು. ಫ್ಯಾನು ಆರಿದ್ದರಿಂದ ಆ ಬೆಳಗ್ಗೆ ಗೋಡೆಯಾಚೆ ನಿಮ್ಮಮ್ಮನ ದನಿಯೂ ಅವಳಿಗೆ ಕೇಳುತ್ತಿತ್ತಂತೆ. ರೇಡಿಯೋ ಜೊತೆ ಹಾಡುತ್ತಿದ್ದಳು. ಮೂರನೆಯ ಹಾಡಿನ ನಡುವೆ ನಿಂತಿತು. ಆಲೂಗಡ್ಡೆ ಬೇಯಲಿಡಲು ಎದ್ದು ಹೋದಳೇನೋ ಅಂದುಕೊಂಡು ಡೋರೀನ್ ತಾನೊಬ್ಬಳೇ ಕೊನೆಯವರೆಗೆ ಹಾಡಿ ಮುಗಿಸಿದಳಂತೆ. ಅದನ್ನೇ ಎದೆಯಲ್ಲಿಟ್ಟುಕೊಂಡು ಇಷ್ಟು ದಿನ ನನಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಮಣ್ಣು ಮಾಡಿದ ದಿನ ನೀನು ಕೇಳಿದ್ದೆ, ಅಮ್ಮನಿಗೆ ತುಂಬಾ ಹೆದರಿಕೆ ಆಗಿರಬಹುದಾ ಅಂತ. ಇಲ್ಲ ಮಗೂ. ಹಾಡುತ್ತಿದ್ದಳು, ಯಾವತ್ತಿನ ಹಾಗೆ ರಾಗ ತಪ್ಪಿಸಿಕೊಂಡು. ಅಂಚೆಯವರು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಓಡಬೇಕು. ಆ ಬಲ್ಬು ಹಾಕಿಕೋ.